ನೆಲ ಹಿಡಿದ ಆಕಳೂ ಸುಣ್ಣದ ಸೂಜಿಯೂ

ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ಹೊಸಹಳ್ಳಿಯು ಕೂಡ್ಲಿಗಿ ತಾಲ್ಲೂಕಿನ ಮಸಾರಿ ನೆಲದ ಒಂದು ಹೋಬಳಿ. 1953ರ ಅಕ್ಟೋಬರ್ 1ರಂದು ಮದರಾಸಿನ ಆಡಳಿತದಿಂದ ಬಿಡುಗಡೆಗೊಂಡು ಮೈಸೂರು ರಾಜ್ಯವನ್ನು ಸೇರಿದ ಈ ಸೀಮೆ, 2021ರಲ್ಲಿ ಬಳ್ಳಾರಿಯಿಂದಲೂ ಬೇರ್ಪಟ್ಟು ವಿಜಯನಗರ ಜಿಲ್ಲೆಯ ಪಾಲಿಗೆ ಬಂದಿತು. ಕಚೇರಿಗಳ ಕಡತಗಳಲ್ಲಿ ದಾಖಲಾದ ಈ ಪರಿವರ್ತನೆಗಳಿಗಿಂತ ಗಂಭೀರವಾದ ಇನ್ನೊಂದು ಪರಿವರ್ತನೆ ಇದೇ ಅವಧಿಯಲ್ಲಿ ಇಲ್ಲಿಯ ಕೊಟ್ಟಿಗೆಗಳಲ್ಲಿ ಸದ್ದಿಲ್ಲದೆ ನಡೆಯಿತು. ಅದರ ಚರಿತ್ರೆಯನ್ನು ಬರೆಯಹೊರಟವನು ಸುಣ್ಣದ ಅಂಶವುಳ್ಳ ಒಂದು ಬಾಟಲಿ ಔಷಧದ ಚರಿತ್ರೆಯನ್ನೂ ಬರೆಯಲೇಬೇಕಾಗುತ್ತದೆ.

ಕೂಡ್ಲಿಗಿಯಿಂದ ಮೊಳಕಾಲ್ಮೂರು, ಚಳ್ಳಕೆರೆಗಳವರೆಗೆ ಹಬ್ಬಿದ ಕುರುಚಲು ಕಾಡಿನಲ್ಲಿ ಮ್ಯಾಸಬೇಡರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವ ದೇವರ ಎತ್ತುಗಳ ಹಿಂಡುಗಳೂ, ಅವುಗಳ ಸೇವೆಗೆಂದೇ ನಿಯುಕ್ತರಾದ ಕಿಲಾರಿಗಳೂ ಈ ಪ್ರದೇಶದ ಪಶುಪಾಲನೆಯ ಪ್ರಾಚೀನ ಮುಖವನ್ನು ಇಂದಿಗೂ ತೋರಿಸುತ್ತಾರೆ. ಆ ದನಗಳು ಮಾರುಕಟ್ಟೆಗಾಗಿ ಸಾಕಿದವಲ್ಲ. ರೈತನ ಮನೆಯ ಜವಾರಿ ಆಕಳೂ ಜೋಳದ ಸೊಪ್ಪೆ, ಶೇಂಗಾದ ಹೊಟ್ಟುಗಳನ್ನು ಮೆಲ್ಲುತ್ತ, ಕರುವಿಗೆ ಸಾಲುವಷ್ಟನ್ನು ಕೊಟ್ಟು ಮಿಕ್ಕದ್ದನ್ನು ಮನೆಯವರ ಮಜ್ಜಿಗೆಗೆ ಬಿಡುತ್ತಿತ್ತು. ಇಂಥ ಮಿತಕ್ಷೀರೆಯಾದ ಆಕಳು ಈದ ಮರುದಿನ ಕಾಲು ಸೋತು ನೆಲ ಹಿಡಿಯುವುದು ಅತಿ ವಿರಳವಾಗಿತ್ತು.

1974ರಲ್ಲಿ ಕರ್ನಾಟಕ ಹೈನುಗಾರಿಕಾ ಅಭಿವೃದ್ಧಿ ನಿಗಮವು ಹುಟ್ಟಿ, ಮುಂದೆ 1984ರಲ್ಲಿ ಅದರ ಕಾರ್ಯವನ್ನು ಹಾಲು ಮಹಾಮಂಡಳಿಯು ವಹಿಸಿಕೊಂಡು, ಊರೂರಿನಲ್ಲಿ ಹಾಲಿನ ಡೇರಿಗಳು ತೆರೆದುಕೊಂಡ ಮೇಲೆ, ಜರ್ಸಿ ಮತ್ತು ಹೋಲ್‌ಸ್ಟೀನ್ ಫ್ರೀಸಿಯನ್ (ಎಚ್.ಎಫ್.) ತಳಿಗಳ ರಕ್ತ ಬೆರೆತ ಸೀಮೆ ಆಕಳುಗಳು ಬಯಲುಸೀಮೆಯ ಕೊಟ್ಟಿಗೆಗಳನ್ನೂ ಪ್ರವೇಶಿಸಿದುವು. ಅವುಗಳೊಡನೆ ಹಾಲು ಬಂದಿತು, ಹದಿನೈದು ದಿನಕ್ಕೊಮ್ಮೆ ಕೈಗೆ ಹಣವೂ ಬಂದಿತು. ಪಶುವೈದ್ಯರು ಹಾಲು ಜ್ವರವೆಂದು ಕರೆಯುವ ವ್ಯಾಧಿಯೂ ಬಂದಿತು. ಮೂರನೆಯ ಅಥವಾ ನಾಲ್ಕನೆಯ ಸೂಲಿನ ಹಾಲುಳ್ಳ ಆಕಳು ಈದ ಒಂದೆರಡು ದಿನಗಳೊಳಗೆ ತತ್ತರಿಸಿ ಮಲಗುವುದು, ಕಿವಿಗಳು ತಣ್ಣಗಾಗುವುದು, ಕುತ್ತಿಗೆಯನ್ನು ಪಕ್ಕೆಗೆ ತಿರುವಿಕೊಂಡು ಮಂಕಾಗಿ ಬೀಳುವುದು, ಚಿಕಿತ್ಸೆಯಿಲ್ಲದಿದ್ದರೆ ಬಹುಮಟ್ಟಿಗೆ ಸಾಯುವುದು. ಎಮ್ಮೆಗಳೂ ಇದಕ್ಕೆ ಹೊರತಲ್ಲ.

ಕಾರಣವು ಸರಳವಾದುದು. ಹಸುವಿನ ರಕ್ತದ ದ್ರವಾಂಶದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಹತ್ತು ಲೀಟರ್ ಗಿಣ್ಣದ ಹಾಲಿನೊಡನೆ 20 ಗ್ರಾಮಿಗೂ ಮಿಕ್ಕಿ ಹೊರಟುಹೋಗುತ್ತದೆ. ಎಲುಬುಗಳೆಂಬ ಕೆರೆಯಲ್ಲಿ ಸುಣ್ಣ ತುಂಬಿದ್ದರೂ ಅದರ ತೂಬು ತೆರೆಯಲು ದಿನಗಳು ಬೇಕು. ಅಷ್ಟರೊಳಗೆ ಕಾಲುವೆ ಬತ್ತಿರುತ್ತದೆ.

ಇಷ್ಟನ್ನು ಅರಿಯಲು ಲೋಕಕ್ಕೆ ಬಹುಕಾಲ ಹಿಡಿಯಿತು. 1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್ ಪಟ್ಟಣದ ಪಶುವೈದ್ಯ ಸ್ಮಿತ್, ರೋಗಮೂಲವು ಕೆಚ್ಚಲಿನಲ್ಲಿ ಹುಟ್ಟುವ ವಿಷವೆಂದು ಭಾವಿಸಿ, ಪೊಟ್ಯಾಸಿಯಂ ಅಯೊಡೈಡಿನ ದ್ರಾವಣವನ್ನು ಮೊಲೆಗಳ ಮೂಲಕ ಒಳಸೇರಿಸಿದನು, ಆಕಳುಗಳು ಎದ್ದುವು. ಕೆಲವೇ ವರ್ಷಗಳಲ್ಲಿ ಬರಿಯ ಗಾಳಿಯನ್ನು ತುಂಬಿದರೂ ಅದೇ ಫಲ ದೊರೆಯುವುದೆಂದು ತಿಳಿದುಬಂದಿತು. ಊಹೆ ತಪ್ಪಾಗಿದ್ದರೂ ಚಿಕಿತ್ಸೆ ಫಲಿಸಿದುದಕ್ಕೆ ಕಾರಣ, ಉಬ್ಬಿದ ಕೆಚ್ಚಲಿನ ಒತ್ತಡವು ಹಾಲಿನ ಸ್ರಾವವನ್ನೂ ಅದರೊಡನೆ ಸುಣ್ಣದ ವ್ಯಯವನ್ನೂ ತಡೆದುದೇ. 1925ರಲ್ಲಿ ಎಡಿನ್‌ಬರೋದ ಡ್ರೈಯರ್ ಮತ್ತು ಗ್ರೇಗ್ ಇದು ಕ್ಯಾಲ್ಸಿಯಂ ಕೊರತೆಯ ವ್ಯಾಧಿಯೆಂದು ಪ್ರತಿಪಾದಿಸಿದರು. ಅದೇ ವರ್ಷ ಲಿಟಲ್ ಮತ್ತು ರೈಟ್ ರೋಗಗ್ರಸ್ತ ಹಸುಗಳ ರಕ್ತವನ್ನು ಪರೀಕ್ಷಿಸಿ ಆ ಕೊರತೆಯನ್ನು ತೋರಿಸಿದರು.

ಔಷಧವು ಯಾವುದೆಂದು ನಿಶ್ಚಯವಾದ ಬಳಿಕ, ಅದನ್ನು ಯಾವ ಲವಣದ ರೂಪದಲ್ಲಿ ಕೊಡಬೇಕೆಂಬ ಪ್ರಶ್ನೆ ಉಳಿಯಿತು. ಕ್ಯಾಲ್ಸಿಯಂ ಕ್ಲೋರೈಡ್ ಶಕ್ತಿಯುತವಾದುದು. ಆದರೆ ಸೂಜಿಯು ನರದಿಂದ ಕಿಂಚಿತ್ತು ಜಾರಿ ದ್ರಾವಣವು ಹೊರಚೆಲ್ಲಿದರೆ ಸುತ್ತಣ ಮಾಂಸವು ಬೆಂದಂತಾಗಿ ಕೊಳೆಯುವುದು. ಸೌಮ್ಯವಾದ ಗ್ಲುಕೋನೇಟ್ ಇದಕ್ಕೆ ಬದಲಾಗಿ ಬಳಕೆಗೆ ಬಂದರೂ ನೀರಿನಲ್ಲಿ ಸಾಕಷ್ಟು ಕರಗದು. ಬೋರಿಕ್ ಆಮ್ಲದ ಸಂಯೋಗದಿಂದ ಈ ತೊಡಕನ್ನೂ ನೀಗಿದ ಬೋರೋಗ್ಲುಕೋನೇಟ್ 1935ರಲ್ಲಿ ಪ್ರಕಟವಾಯಿತು. ದನದ ಡಾಕ್ಟರರು ಇಂದು ಕತ್ತಿನ ನರಕ್ಕೆ ಏರಿಸುವ 450 ಮಿಲಿಲೀಟರಿನ ಬಾಟಲಿಯು ಅದರ ವಂಶದ್ದೇ.

ಬಾಟಲಿ ಮುಗಿಯುವ ಮೊದಲೇ ಸ್ನಾಯುಗಳು ಕಂಪಿಸಿ, ತೇಗು ಬಂದು, ಸಗಣಿ ಹಾಕಿ, ಮೂಗಿನ ಮೇಲೆ ಬೆವರು ಮೂಡಿ ಆಕಳು ಎದ್ದು ನಿಲ್ಲುವ ದೃಶ್ಯವನ್ನು ಕಂಡವರಿಗೆ ಈ ಮದ್ದಿನ ಮೇಲೆ ಅಪರಿಮಿತ ಭರವಸೆ ಹುಟ್ಟುವುದು ಸಹಜ. ಅಪಾಯವೂ ಆ ಭರವಸೆಯಲ್ಲೇ ಅಡಗಿದೆ. ಕಪ್ಪೆಯ ಹೃದಯ ಮಿಡಿಯಲು ಕ್ಯಾಲ್ಸಿಯಂ ಅನಿವಾರ್ಯವೆಂದು ಲಂಡನ್ನಿನ ಸಿಡ್ನಿ ರಿಂಗರ್ 1883ರಲ್ಲೇ ತೋರಿಸಿದ್ದನು. ಮಿಡಿಸುವ ಅದೇ ಧಾತುವು ಏಕಾಏಕಿ ಮಿತಿಮೀರಿ ಬಂದರೆ ಮಿಡಿತವನ್ನು ತಾಳತಪ್ಪಿಸಿ ನಿಲ್ಲಿಸಲೂ ಬಲ್ಲುದು. ಆದಕಾರಣ ದ್ರಾವಣವನ್ನು ಮೈಬಿಸಿಗೆ ತಂದು, ಹತ್ತು ನಿಮಿಷಕ್ಕೆ ಕಡಮೆಯಿಲ್ಲದೆ ನಿಧಾನವಾಗಿ ಹರಿಸುತ್ತ, ಎದೆಗೆ ಸ್ಟೆತಾಸ್ಕೋಪನ್ನಿಟ್ಟು ಆಲಿಸುತ್ತ, ಬಡಿತ ಕೆಟ್ಟೊಡನೆ ನಿಲ್ಲಿಸುವುದು ವಿಹಿತಕ್ರಮ. ಮಲಗಿದ ಆಕಳೆಲ್ಲವೂ ಸುಣ್ಣದ ಕೊರತೆಯದ್ದಲ್ಲ: ಈಯುವಾಗ ಕಾಲಿನ ನರಕ್ಕೆ ಪೆಟ್ಟಾಗಿರಬಹುದು, ತೀವ್ರವಾದ ಕೆಚ್ಚಲುಬಾವಿನ ವಿಷ ಏರಿರಬಹುದು, ಈ ಎರಡನೆಯ ಸ್ಥಿತಿಯಲ್ಲಿ ದುರ್ಬಲಗೊಂಡ ಹೃದಯಕ್ಕೆ ಬಾಟಲಿಯೇ ಮಾರಕವಾದೀತು.

ಕ್ಯಾಲ್ಸಿಯಂ ಅನ್ನು ಎಚ್ಚರದಿಂದ, ನಿಧಾನವಾಗಿ ಕೊಡಬೇಕೆಂಬ ಈ ನಿಯಮವೇ ಮನುಷ್ಯರ ಆಸ್ಪತ್ರೆಯಲ್ಲಿಯೂ ಇದೆ. ಗರ್ಭನಂಜಿನ ಸೆಳವಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುವ ಹೆರಿಗೆ ಕೋಣೆಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟಿನ ಆಂಪೂಲ್ ಸಿದ್ಧವಾಗಿರಬೇಕು. ಮೆಗ್ನೀಸಿಯಂ ಹೆಚ್ಚಾಗಿ ಉಸಿರು ಕುಗ್ಗಿದರೆ ಶೇಕಡಾ 10ರ ದ್ರಾವಣವನ್ನು 10 ಮಿಲಿಲೀಟರಿನಷ್ಟು, ನಿಧಾನವಾಗಿ ನರಕ್ಕೆ ಕೊಡುತ್ತಾರೆ. ಈ ಪ್ರತಿವಿಷಗುಣವನ್ನು ಮೆಲ್ಟ್ಸರ್ ಮತ್ತು ಆವರ್ 1908ರಲ್ಲಿ ಪ್ರಾಣಿಗಳಲ್ಲಿ ಪ್ರಯೋಗಿಸಿ ಸ್ಥಾಪಿಸಿದ್ದರು. ಕ್ಲೋರೈಡಿನ ಆಂಪೂಲಿನಲ್ಲಿ ಸಮಪ್ರಮಾಣದ ಗ್ಲುಕೋನೇಟಿಗಿಂತ ಸುಮಾರು ಮೂರುಪಟ್ಟು ಕ್ಯಾಲ್ಸಿಯಂ ಇರುವುದರಿಂದ, ಒಂದನ್ನು ಇನ್ನೊಂದೆಂದು ಎಣಿಸುವುದು ಅಲ್ಪ ಪ್ರಮಾದವಲ್ಲ. ಸೆಫ್ಟ್ರಿಯಾಕ್ಸೋನ್ ಎಂಬ ಔಷಧವನ್ನು ಪಡೆದ ನವಜಾತ ಶಿಶುವಿಗೆ ಕ್ಯಾಲ್ಸಿಯಂ ಏರಿಸಿದರೆ ಎರಡೂ ಕೂಡಿ ಗರಣೆಗಟ್ಟಿ ಪ್ರಾಣಾಪಾಯ ಒದಗುವುದೆಂಬ ಎಚ್ಚರಿಕೆಯು 2007ರಲ್ಲಿ ಹೊರಬಿದ್ದಿತು.

ಹೆಚ್ಚು ಹಾಲನ್ನು ಬಯಸಿದ ಕೊಟ್ಟಿಗೆಯೇ ಈ ಸೂಜಿಯನ್ನೂ ಊರಿಗೆ ಬರಮಾಡಿಕೊಂಡಿತೆಂಬುದು ಈ ಚರಿತ್ರೆಯ ಸಾರ. ಹಳೆಯ ಮಿತಕ್ಷೀರೆಗೆ ಮರಳುವುದು ಹೊಸಹಳ್ಳಿಯ ಹೈನುಗಾರನಿಗೆ ಇನ್ನು ಸಾಧ್ಯವಾಗದು. ಹಾಲಿನ ದುಡ್ಡಿನಿಂದ ಮಕ್ಕಳ ಓದು ಸಾಗುತ್ತಿರುವಾಗ ಮರಳೆಂದು ಅವನಿಗೆ ಹೇಳುವ ಅಧಿಕಾರವೂ ಯಾರಿಗೂ ಇಲ್ಲ. ಆದರೆ ಗಬ್ಬದ ಕಡೆಯ ವಾರಗಳಲ್ಲಿ ಮೇವು, ಖನಿಜಗಳನ್ನು ವೈದ್ಯರ ಸಲಹೆಯಂತೆ ಹೊಂದಿಸುವುದು, ಈದ ಮೊದಲ ದಿನ ಕೆಚ್ಚಲನ್ನು ಪೂರ್ತಿ ಬರಿದುಮಾಡದಿರುವುದು, ಬಾಟಲಿ ಹಿಡಿದು ಬಂದವನು ಎದೆಬಡಿತವನ್ನು ಕೇಳಬಲ್ಲವನೇ ಎಂದು ಮೊದಲು ವಿಚಾರಿಸುವುದು, ಇವು ಅವನ ಕೈಯಲ್ಲಿಯೇ ಇವೆ. ಹೆಚ್ಚು ಹಾಲಿನ ಲಾಭವನ್ನು ಒಪ್ಪಿಕೊಂಡವನಿಗೆ ಇಷ್ಟು ಹೊಣೆ ಭಾರವಾಗಲಾರದು.