ಕಲ್ಲಿನ ಜಮಾ-ಖರ್ಚು

ಸೇಡಂ ತಾಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಆ ಗ್ರಂಥದಲ್ಲಿ ಅಳತೆಯ ಪರಿಭಾಷೆ ಪರಮಾಣುವಿನಿಂದಲೇ ಮೊದಲಾಗುತ್ತದೆ. ಅದಕ್ಕೂ ಬಹು ಹಿಂದೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ, ಪುದ್ಗಲ ಪರಮಾಣುಗಳು ಸ್ನಿಗ್ಧ-ರೂಕ್ಷ ಗುಣಗಳಿಂದ ಬಂಧ ಹೊಂದುತ್ತವೆಂದು ನಿರೂಪಿಸಿದ್ದರು.

ಇದನ್ನು ಹಿಡಿದು, ಇಂದಿನ ರಸಾಯನಶಾಸ್ತ್ರವೆಲ್ಲ ಅಲ್ಲಿಯೇ ಇದೆಯೆಂದು ಕೆಲವರು ಹೇಳುವುದುಂಟು. ಸತ್ಯಾಣುವ್ರತಕ್ಕೆ ಅದು ಒಪ್ಪುವ ಮಾತಲ್ಲ. ಶಾಸ್ತ್ರದ ಪರಮಾಣು ಅವಿಭಾಜ್ಯ. ವಿಜ್ಞಾನದ ಪರಮಾಣುವಿನೊಳಗೆ ಪ್ರೋಟಾನ್, ನ್ಯೂಟ್ರಾನ್, ಎಲೆಕ್ಟ್ರಾನ್‌ಗಳಿವೆ. ಆದರೆ ಪ್ರಶ್ನೆ ಎರಡೂ ಕಡೆ ಒಂದೇ: ಕೂಡಿರುವುದು ಏತರಿಂದ ಕೂಡಿದೆ, ಹೇಗೆ ಬಿಡಿಸಿಕೊಳ್ಳುತ್ತದೆ? ಅದಕ್ಕೆ ಉತ್ತರ ಹೇಳುವ ವಸ್ತು ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಜನರ ಕಾಲಡಿಯಲ್ಲಿಯೇ ಇದೆ.

ಈ ಸೀಮೆಯ ಮನೆಗಳ ಫರಸಿಯಾಗಿರುವ ಶಹಾಬಾದ ಕಲ್ಲು ಸುಣ್ಣದ ಕಲ್ಲು. ಅದರ ಮುಖ್ಯಾಂಶ ಕ್ಯಾಲ್ಸಿಯಂ ಕಾರ್ಬೋನೇಟ್. ಅದರಲ್ಲಿ ಎರಡು ಬಗೆಯ ಬಂಧಗಳಿವೆ. ಒಂದು ಇಂಗಾಲ ಮತ್ತು ಮೂರು ಆಮ್ಲಜನಕ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಕಾರ್ಬೋನೇಟ್ ಗುಂಪಾಗಿವೆ; ಇದು ಸಹವೇಲೆನ್ಸೀಯ ಬಂಧ, ಪಾಲುಗಾರಿಕೆಯಂತೆ. ಕ್ಯಾಲ್ಸಿಯಂ ಎರಡು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ಧನ ಅಯಾನಾಗಿ, ಋಣ ಅಯಾನಾದ ಆ ಗುಂಪಿನೊಡನೆ ಆಕರ್ಷಣೆಯಿಂದ ನಿಂತಿದೆ. ಇದು ಅಯಾನಿಕ ಬಂಧ.

1756ರಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, ಇಂಥ ಕಾರ್ಬೋನೇಟ್‌ಗಳನ್ನು ಕಾಯಿಸಿದಾಗ ಕಳೆಯುವ ತೂಕ ಒಂದು ವಾಯುವಿನದೆಂದು ತಕ್ಕಡಿಯಿಂದಲೇ ತೋರಿಸಿದನು. ಇಂದಿನ ಲೆಕ್ಕದಲ್ಲಿ ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ, 44 ಕಿಲೋ ಇಂಗಾಲದ ಡೈಆಕ್ಸೈಡ್. ಜಮಾ-ಖರ್ಚು ಸರಿಹೊಂದುತ್ತದೆ.

ಉಳಿದ ಸುಣ್ಣವನ್ನು ಬೆಂಕಿ ಬಿಡಿಸಲಾರದಾಯಿತು. 1789ರಲ್ಲಿ ಲವಾಸಿಯೆ ಅದನ್ನು ಮೂಲಪದಾರ್ಥಗಳ ಪಟ್ಟಿಯಲ್ಲಿ ಸೇರಿಸಿದನು. ಅದು ಸಂಯುಕ್ತವಾಗಿರಬಹುದೆಂಬ ಸಂಶಯವೂ ಅವನಿಗಿತ್ತು. 1808ರಲ್ಲಿ ಹಂಫ್ರಿ ಡೇವಿ ತೇವದ ಸುಣ್ಣಕ್ಕೆ ಪಾದರಸದ ಆಕ್ಸೈಡ್ ಬೆರೆಸಿ, ಪಾದರಸವನ್ನೇ ಋಣಾಗ್ರವಾಗಿಟ್ಟು ವಿದ್ಯುತ್ ಹರಿಸಿದನು. ಕ್ಯಾಲ್ಸಿಯಂ ಅಯಾನು ಬಿಟ್ಟುಕೊಟ್ಟಿದ್ದ ಎರಡು ಎಲೆಕ್ಟ್ರಾನ್‌ಗಳನ್ನು ಋಣಾಗ್ರದಲ್ಲಿ ಮರಳಿ ಪಡೆದು ಲೋಹವಾಯಿತು. ಇದೇ ವಿದ್ಯುದ್ವಿಭಜನೆ. ಒಣ ಘನದಲ್ಲಿ ಅಯಾನುಗಳು ಕದಲಲಾರವು, ಕರಗಿದಾಗಲೇ ಚಲಿಸುತ್ತವೆ. ‘ಅಯಾನು’ ಎಂಬ ಹೆಸರನ್ನು ಮೈಕೆಲ್ ಫ್ಯಾರಡೆ ಬಳಕೆಗೆ ತಂದದ್ದು 1834ರಲ್ಲಿ.

1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ರೈಲು ಹರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಶಹಾಬಾದ, ವಾಡಿ, ಬಳಿಕ 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದ ಬಳಿ ಸಿಮೆಂಟ್ ಕಾರ್ಖಾನೆಗಳಾದವು. ಅಲ್ಲಿಯ ಗೂಡುಗಳಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲ್ಲೂ ಜೇಡಿಯೂ ಬೆಂದು ಕ್ಲಿಂಕರ್ ಆಗುತ್ತವೆ. ಹಳೆಯ ಸುಣ್ಣದ ಭಟ್ಟಿಯಾಗಲಿ ಹೊಸ ಗೂಡಾಗಲಿ, ಕಲ್ಲಿನ ಆ 44ರ ಪಾಲು ಗಾಳಿಗೇ ಸೇರುತ್ತದೆ. ಇಂಧನದ ಹೊಗೆ ಬೇರೆ.

ಸುಣ್ಣದ ಗಾರೆ ಆ ಸಾಲವನ್ನು ಬಹುಮಟ್ಟಿಗೆ ತೀರಿಸುತ್ತದೆ. ಅರಳಿದ ಸುಣ್ಣ ಗೋಡೆಯ ಮೇಲೆ ಒಣಗುತ್ತ ಗಾಳಿಯಿಂದ ಅದೇ ವಾಯುವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಅದು ಗೋಡೆಯ ತೇವವನ್ನೂ ಹೊರಬಿಡುತ್ತದೆ. ಪುರಾತನ ಬಸದಿಯ ಗೋಡೆಗೆ ಬಿಗಿಯಾದ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು, ಲವಣಗಳು ಹರಳುಗಟ್ಟಿ ಕಲ್ಲಿನ ಮುಖವನ್ನು ಉದುರಿಸುತ್ತವೆ. ಭಕ್ತಿಯಿಂದ ಮಾಡಿದ ಜೀರ್ಣೋದ್ಧಾರವೇ ಕಟ್ಟಡದ ಹಾನಿಗೆ ಕಾರಣವಾಗಬಾರದು.

ಆದುದರಿಂದ ಬಸದಿಗಳ ಟ್ರಸ್ಟಿಗಳು ಗುತ್ತಿಗೆ ಕೊಡುವ ಮುನ್ನ ಗಾರೆಯ ವಿಷಯವನ್ನು ಬಲ್ಲವರಲ್ಲಿ ವಿಚಾರಿಸುವುದು ಕರ್ತವ್ಯ. ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಕುದಿಯುವ ಶಾಖ ಹುಟ್ಟುತ್ತದೆ. ಅದರ ಕ್ಷಾರ ಕಣ್ಣನ್ನು ಕೆಡಿಸಬಲ್ಲದು. ಸುಣ್ಣ ಅರಳಿಸುವ ಕೂಲಿಯವನಿಗೆ ಕನ್ನಡಕ, ಕೈಗವಸು ಒದಗಿಸದೆ ಕಟ್ಟಿಸಿದ ಬಸದಿಯಲ್ಲಿ ಅಹಿಂಸೆಯ ಪ್ರವಚನ ಶೋಭಿಸದು. ಲೆಕ್ಕದ ವಹಿಯಲ್ಲಿ ಕಲ್ಲಿನ ಬೆಲೆಯೊಡನೆ ಆ ಖರ್ಚೂ ಬರೆಯಲ್ಪಡಲಿ.