ಯುದ್ಧಕ್ರೀಡೆಯ ಕಿರುಗೊಂಬೆಗಳ ವರ್ಣಲೇಪನ ಮತ್ತು ಪೀಠಸಜ್ಜೆ

ಮೇಜಿನ ಮೇಲೆ ಆಡುವ ಯುದ್ಧಕ್ರೀಡೆಗಳಲ್ಲಿ ಸೈನಿಕರು, ಕುದುರೆಗಳು, ಫಿರಂಗಿಗಳು ಮತ್ತು ಕಾಲ್ಪನಿಕ ಜೀವಿಗಳನ್ನು ಪ್ರತಿನಿಧಿಸುವ ಕಿರುಗೊಂಬೆಗಳನ್ನು ಮಿನಿಯೇಚರ್‌ಗಳೆಂದು ಕರೆಯಲಾಗುತ್ತದೆ. ಇವು ಬಹುಮಟ್ಟಿಗೆ ಬಣ್ಣವಿಲ್ಲದೆ, ಬಿಡಿಭಾಗಗಳ ರೂಪದಲ್ಲಿ ಮಾರಾಟವಾಗುತ್ತವೆ. ಅವುಗಳನ್ನು ಜೋಡಿಸಿ, ಬಣ್ಣ ಹಚ್ಚಿ, ನೆಲವನ್ನು ಹೋಲುವ ಪೀಠದ ಮೇಲೆ ನಿಲ್ಲಿಸುವ ಕೆಲಸ ಆಟದಿಂದಲೇ ಹುಟ್ಟಿದರೂ ಇಂದು ಸ್ವತಂತ್ರ ಹವ್ಯಾಸವಾಗಿದೆ. ಎಂದೂ ಆಟವಾಡದೆ ಬಣ್ಣ ಮಾತ್ರ ಹಚ್ಚುವವರೂ ಇದ್ದಾರೆ. ಚದುರಂಗದ ಕಾಯಿಯಂತೆ ಈ ಗೊಂಬೆಯನ್ನು ಕೈಯಿಂದ ಎತ್ತಿ ಸರಿಸಲಾಗುತ್ತದೆ, ಚಿತ್ರದಂತೆ ನೋಡಲೂ ಆಗುತ್ತದೆ. ಈ ಎರಡು ಉಪಯೋಗಗಳು ಕೇಳುವ ಗುಣಗಳು ಒಂದೇ ಅಲ್ಲ. ಹವ್ಯಾಸದ ಬಹುಪಾಲು ತಂತ್ರಗಳೂ ಅದರೊಳಗಿನ ಬಹುಪಾಲು ಜಗಳಗಳೂ ಈ ವ್ಯತ್ಯಾಸದಿಂದಲೇ ಹುಟ್ಟಿವೆ.

ಇತಿಹಾಸ

ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ 18ನೇ ಶತಮಾನದಲ್ಲಿ ತವರದ ಚಪ್ಪಟೆ ಸೈನಿಕರ ತಯಾರಿಕೆ ಪ್ರಸಿದ್ಧವಾಗಿತ್ತು. ಆದರೆ ಪ್ರಷ್ಯಾದ ಸೇನೆಗಾಗಿ ರೈಸ್ವಿಟ್ಸ್ ತಂದೆ ಮಕ್ಕಳು ರೂಪಿಸಿದ, 1824ರಲ್ಲಿ ಪ್ರಕಟವಾದ ಕ್ರೀಗ್‌ಸ್ಪೀಲ್ ಎಂಬ ತರಬೇತಿ ಕ್ರೀಡೆಯಲ್ಲಿ ಗೊಂಬೆಗಳಿರಲಿಲ್ಲ. ನಕ್ಷೆಯ ಮೇಲೆ ಕೆಂಪು ಮತ್ತು ನೀಲಿ ತುಂಡುಗಳನ್ನು ಸರಿಸಲಾಗುತ್ತಿತ್ತು. ಅಲ್ಲಿ ಬಣ್ಣದ ಕೆಲಸ ಪಕ್ಷವನ್ನು ಗುರುತಿಸುವುದಷ್ಟೇ.

ಆಟಿಕೆ ಮತ್ತು ಯುದ್ಧಕ್ರೀಡೆ ಒಂದುಗೂಡಿದ್ದು ಇಂಗ್ಲೆಂಡಿನಲ್ಲಿ. ವಿಲಿಯಂ ಬ್ರಿಟನ್ ಸಂಸ್ಥೆಯು 1893ರಲ್ಲಿ ಒಳಗೆ ಟೊಳ್ಳಾಗಿರುವಂತೆ ಸೀಸದ ಗೊಂಬೆಗಳನ್ನು ಎರಕ ಹೊಯ್ಯುವ ವಿಧಾನವನ್ನು ಬಳಕೆಗೆ ತಂದಿತು. ಲೋಹ ಉಳಿದು ಬೆಲೆ ಇಳಿಯಿತು. 54 ಮಿಲಿಮೀಟರ್ ಎತ್ತರದ ಸೈನಿಕರು ಮಧ್ಯಮವರ್ಗದ ಮನೆಗಳನ್ನು ತಲುಪಿದರು. ಇಂತಹ ಗೊಂಬೆಗಳಿಂದ ಆಡಬಹುದಾದ ನಿಯಮಗಳನ್ನು ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ನೀಡಿದರು. ಆ ಗೊಂಬೆಗಳು ಕಾರ್ಖಾನೆಯಲ್ಲೇ ಬಣ್ಣ ಪಡೆದು ಬರುತ್ತಿದ್ದವು.

ಬಣ್ಣ ಹಚ್ಚುವ ಹೊಣೆ ಆಟಗಾರನಿಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಅಮೆರಿಕದ ಜ್ಯಾಕ್ ಸ್ಕ್ರೂಬಿ ಯುದ್ಧಕ್ರೀಡೆಗೆಂದೇ ಚಿಕ್ಕ ಲೋಹದ ಗೊಂಬೆಗಳನ್ನು ಎರಕ ಹೊಯ್ದು ಮಾರತೊಡಗಿದರು. ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1959ರಿಂದ ಅಗ್ಗದ ಪ್ಲಾಸ್ಟಿಕ್ ಸೈನಿಕರನ್ನು ಹೊರತಂದಿತು. 1962ರಲ್ಲಿ ಪ್ರಕಟವಾದ ಡೊನಾಲ್ಡ್ ಫೆದರ್‌ಸ್ಟೋನ್ ಅವರ ‘ವಾರ್ ಗೇಮ್ಸ್’ ಪುಸ್ತಕದ ಓದುಗರಲ್ಲಿ ಅನೇಕರು ಈ ಪೆಟ್ಟಿಗೆಗಳಿಂದಲೇ ತಮ್ಮ ಮೊದಲ ಸೈನ್ಯವನ್ನು ಕಟ್ಟಿದರು. ಏರ್‌ಫಿಕ್ಸ್ ಬಳಸಿದ ಪಾಲಿಥೀನ್ ಬಾಗುವ ಗುಣದ್ದು. ಬಂದೂಕದ ನಳಿಕೆ ಬಾಗಿದಾಗಲೆಲ್ಲ ಎನಾಮಲ್ ಬಣ್ಣ ಚಕ್ಕೆಯಾಗಿ ಉದುರುತ್ತಿತ್ತು. ಬಣ್ಣದ ಅಡಿಯಲ್ಲಿ ಬಿಳಿ ಪಿವಿಎ ಅಂಟಿನ ತೆಳುಪದರ ಬಳಿಯುವುದು ಅಂದಿನ ಆಟಗಾರರು ಕಂಡುಕೊಂಡ ಉಪಾಯ.

ಲಂಡನ್ನಿನಲ್ಲಿ 1975ರಲ್ಲಿ ಆರಂಭವಾದ, ನಂತರ ನಾಟಿಂಗ್‌ಹ್ಯಾಮ್‌ಗೆ ನೆಲೆ ಬದಲಿಸಿದ ಗೇಮ್ಸ್ ವರ್ಕ್‌ಶಾಪ್ ಮತ್ತು ಅದರ ಸಿಟಾಡೆಲ್ ಮಿನಿಯೇಚರ್ಸ್ ವಿಭಾಗ ಈ ಹವ್ಯಾಸದ ದಿಕ್ಕನ್ನು ಬದಲಿಸಿದವು. 1983ರ ‘ವಾರ್‌ಹ್ಯಾಮರ್’ ಮತ್ತು 1987ರ ‘ವಾರ್‌ಹ್ಯಾಮರ್ 40,000’ ಕ್ರೀಡೆಗಳೊಂದಿಗೆ ಗೊಂಬೆ, ಬಣ್ಣ, ಕುಂಚ ಮತ್ತು ನಿಯಮಪುಸ್ತಕ ಒಂದೇ ಅಂಗಡಿಯಲ್ಲಿ ದೊರೆಯುವಂತಾಯಿತು. 1987ರಲ್ಲೇ ಆರಂಭವಾದ ‘ಗೋಲ್ಡನ್ ಡೀಮನ್’ ಸ್ಪರ್ಧೆಯು ವರ್ಣಲೇಪನವನ್ನು ಆಟದಿಂದ ಬೇರ್ಪಡಿಸಿ ತೀರ್ಪಿಗೆ ಒಡ್ಡಿತು. ನಾಟಿಂಗ್‌ಹ್ಯಾಮ್ ಸುತ್ತಮುತ್ತ ಇಂದಿಗೂ ಅನೇಕ ಗೊಂಬೆ ತಯಾರಕರಿದ್ದು, ಆ ಪ್ರದೇಶಕ್ಕೆ ‘ಸೀಸದ ಪಟ್ಟಿ’ ಎಂಬ ಅಡ್ಡಹೆಸರಿದೆ. ಹೆಸರಿನಲ್ಲಿ ಸೀಸ ಉಳಿದಿದ್ದರೂ ಲೋಹದಲ್ಲಿ ಉಳಿದಿಲ್ಲ: 1990ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸೀಸದ ಆಟಿಕೆಗಳ ನಿಷೇಧದ ಪ್ರಸ್ತಾಪ ಬಂದ ಮೇಲೆ ತಯಾರಕರು ತವರ ಪ್ರಧಾನವಾದ ಬಿಳಿ ಲೋಹಕ್ಕೆ ಬದಲಾದರು. ಗಟ್ಟಿ ಪಾಲಿಸ್ಟೈರೀನ್, ರೆಸಿನ್ ಮತ್ತು ಇತ್ತೀಚೆಗೆ ಮೂರು ಆಯಾಮದ ಮುದ್ರಣ ಲೋಹದ ಜಾಗವನ್ನು ಬಹಳಷ್ಟು ಆಕ್ರಮಿಸಿವೆ.

ಅಳತೆ ಮತ್ತು ನೋಟದ ದೂರ

ಗೊಂಬೆಗಳ ಗಾತ್ರವನ್ನು ಮಿಲಿಮೀಟರ್‌ಗಳಲ್ಲಿ ಹೇಳುವುದು ರೂಢಿ: 6, 10, 15, 20, 28 ಮತ್ತು 32 ಹೆಚ್ಚು ಪ್ರಚಲಿತ. ಅಳತೆ ಪಾದದಿಂದ ಕಣ್ಣಿನವರೆಗೋ ನೆತ್ತಿಯವರೆಗೋ ಎಂಬುದರಲ್ಲಿ ತಯಾರಕರಿಗೆ ಒಮ್ಮತವಿಲ್ಲದ ಕಾರಣ, ಒಬ್ಬರ 28 ಮಿ.ಮೀ. ಸೈನಿಕ ಇನ್ನೊಬ್ಬರ 28 ಮಿ.ಮೀ. ಸೈನಿಕನ ಪಕ್ಕದಲ್ಲಿ ಬಾಲಕನಂತೆ ಕಾಣುವುದುಂಟು.

ಕಣ್ಣಿನವರೆಗಿನ ಅಳತೆಯನ್ನು ಒಪ್ಪಿದರೆ 28 ಮಿ.ಮೀ. ಗೊಂಬೆ ಮನುಷ್ಯನ ಸುಮಾರು 57ನೇ ಒಂದು ಭಾಗ. ಆಟಗಾರನು ಅದನ್ನು 60 ಸೆಂಟಿಮೀಟರ್ ದೂರದಿಂದ ನೋಡಿದಾಗ ಕಾಣುವುದು 34 ಮೀಟರ್ ದೂರದಲ್ಲಿ ನಿಂತ ಮನುಷ್ಯ ಕಾಣುವಷ್ಟೇ. ಅಷ್ಟು ದೂರದಲ್ಲಿ ಕಣ್ಣಿನ ಬಿಳಿ ಭಾಗ ಕಾಣದು, ಅಂಗಿಯ ಮಡಿಕೆ ಕಷ್ಟದಿಂದ ಕಂಡೀತು. ಹಾಗಿದ್ದೂ ಹೆಚ್ಚಿನವರು ಕಣ್ಣನ್ನು ಬರೆಯುತ್ತಾರೆ. ಗೊಂಬೆಯ ಮೇಲಿನ ಮಡಿಕೆ ಅರ್ಧ ಮಿಲಿಮೀಟರ್‌ಗಿಂತಲೂ ಆಳವಿರುವುದಿಲ್ಲ. ಅದರ ನಿಜವಾದ ನೆರಳು ಮೇಜಿನಾಚೆಗೆ ತಲುಪುವುದಿಲ್ಲ. ಆದ್ದರಿಂದ ನೆರಳನ್ನೂ ಬೆಳಕನ್ನೂ ಬಣ್ಣದಿಂದಲೇ ಬರೆಯಬೇಕಾಗುತ್ತದೆ, ಅದೂ ನಿಜಕ್ಕಿಂತ ಹೆಚ್ಚು ಗಾಢವಾಗಿ. ಕೈಯಲ್ಲಿ ಹಿಡಿದಾಗ ಒರಟಾಗಿ ಕಾಣುವ ಲೇಪನ ಮೇಜಿನ ಮೇಲೆ ಜೀವ ತಳೆಯುವುದಕ್ಕೂ, ಕೈಯಲ್ಲಿ ನವಿರಾಗಿ ಕಂಡದ್ದು ಮೇಜಿನ ಮೇಲೆ ಮಂಕಾಗುವುದಕ್ಕೂ ಇದೇ ಕಾರಣ. 6 ಮಿ.ಮೀ. ಗೊಂಬೆಗಳಲ್ಲಿ ಮುಖಕ್ಕೆ ಒಂದು ಚುಕ್ಕೆ ಸಾಕು; ಅಲ್ಲಿ ಚಿತ್ರಿಸಬೇಕಾದದ್ದು ಸೈನಿಕನನ್ನಲ್ಲ, ದಳವನ್ನು.

ವರ್ಣಲೇಪನದ ವಿಧಾನ

ಮೊದಲು ಅಚ್ಚಿನ ಕೂಡುಗೆರೆಗಳನ್ನು ಚಾಕುವಿನಿಂದ ಹೆರೆದು ತೆಗೆಯಲಾಗುತ್ತದೆ. ಇದು ಬೇಸರದ ಕೆಲಸ. ಬಿಟ್ಟರೆ ಮಾತ್ರ ಮುಂದಿನ ಪ್ರತಿಯೊಂದು ಪದರವೂ ಆ ಗೆರೆಯನ್ನು ಎತ್ತಿ ತೋರಿಸುತ್ತದೆ. ಪಾಲಿಸ್ಟೈರೀನ್ ಭಾಗಗಳನ್ನು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರಾವಕದಿಂದಲೂ, ಲೋಹ ಮತ್ತು ರೆಸಿನ್‌ಗಳನ್ನು ಸೂಪರ್ ಗ್ಲೂನಿಂದಲೂ ಜೋಡಿಸಲಾಗುತ್ತದೆ. ಆನಂತರ ಪ್ರೈಮರ್, ಅಂದರೆ ಬಣ್ಣ ಹಿಡಿದುಕೊಳ್ಳಲು ನೆರವಾಗುವ ಅಸ್ತರು. ಸ್ಪ್ರೇ ಪ್ರೈಮರನ್ನು ತೇವಾಂಶ ಹೆಚ್ಚಿರುವ ದಿನ ಸಿಂಪಡಿಸಿದರೆ ಮೇಲ್ಮೈ ಹಿಟ್ಟು ಉದುರಿಸಿದಂತೆ ತರಿತರಿಯಾಗುವ ಸಂಭವವಿದೆ. ಮಳೆಗಾಲದಲ್ಲಿ ಕುಂಚದಿಂದ ಬಳಿಯುವ ಪ್ರೈಮರ್ ಹೆಚ್ಚು ನಂಬಿಕೆಗೆ ಅರ್ಹ. ಗೊಂಬೆಯನ್ನು ಕಪ್ಪಾಗಿಸಿ ಮೇಲಿನಿಂದ ಮಾತ್ರ ಬಿಳಿ ಬಣ್ಣವನ್ನು ಸಿಂಪಡಿಸಿದರೆ ನೆತ್ತಿಯ ಸೂರ್ಯನ ಬೆಳಕು ಎಲ್ಲಿ ಬೀಳುತ್ತದೆಂಬುದರ ನಕ್ಷೆ ತಾನಾಗಿ ಮೂಡುತ್ತದೆ. ಇದನ್ನು ಝೆನಿಥಲ್ ಪ್ರೈಮಿಂಗ್ ಎನ್ನುತ್ತಾರೆ.

ಇಂದು ಬಹುತೇಕ ಎಲ್ಲರೂ ನೀರಿನಲ್ಲಿ ಕರಗುವ ಆಕ್ರಿಲಿಕ್ ಬಣ್ಣಗಳನ್ನು ಬಳಸುತ್ತಾರೆ. ಅಂಗಾಂಗಗಳಿಗೆ ಮೂಲಬಣ್ಣ ತುಂಬಿದ ನಂತರ ವಾಶ್ ಎಂಬ ತೆಳು ಗಾಢದ್ರವವನ್ನು ಹರಿಸಲಾಗುತ್ತದೆ. ಅದು ಕುಳಿಗಳಿಗೆ ಇಳಿದು ನೆರಳಾಗುತ್ತದೆ. ಬಣ್ಣವನ್ನು ಬಹುಮಟ್ಟಿಗೆ ಒರೆಸಿದ ಕುಂಚವನ್ನು ಉಬ್ಬುಗಳ ಮೇಲೆ ಸವರುವುದು ಡ್ರೈಬ್ರಶಿಂಗ್. ತುಪ್ಪಳ, ಸರಪಳಿ ಕವಚ ಮತ್ತು ಕಲ್ಲಿಗೆ ಇದಕ್ಕಿಂತ ವೇಗದ ವಿಧಾನವಿಲ್ಲ, ನುಣುಪಾದ ಬಟ್ಟೆಗೆ ಇದಕ್ಕಿಂತ ಕೆಟ್ಟ ವಿಧಾನವೂ ಇಲ್ಲ. ಬ್ರಿಟನ್ನಿನ ಕೆವಿನ್ ಡ್ಯಾಲಿಮೋರ್ ಪ್ರಚುರಪಡಿಸಿದ ಮೂರು ಛಾಯೆಗಳ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಗಾಢ, ಮಧ್ಯಮ ಮತ್ತು ತಿಳಿ ಛಾಯೆಗಳನ್ನು ಬೆರೆಸದೆ, ಗಡಿ ಕಾಣುವಂತೆಯೇ ಹಚ್ಚಲಾಗುತ್ತದೆ. ಫೌಂಡ್ರಿ ಸಂಸ್ಥೆಯು ತನ್ನ ಬಣ್ಣಗಳನ್ನು ಇದೇ ಲೆಕ್ಕದಲ್ಲಿ ಮೂರರ ಗುಂಪುಗಳಾಗಿ ಮಾರುತ್ತದೆ.

ನೂರಾರು ಸೈನಿಕರ ಸೈನ್ಯಕ್ಕೆ ಇಷ್ಟು ಶ್ರಮ ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಗೊಂಬೆಯನ್ನು ಮರಕ್ಕೆ ಬಳಿಯುವ ಕಂದು ವಾರ್ನಿಶ್‌ನಲ್ಲಿ ಅದ್ದಿ ಕೊಡವುವ ಪದ್ಧತಿ ಈ ಕಾರಣಕ್ಕೇ ಹುಟ್ಟಿತು. ಸಿಟಾಡೆಲ್ 2019ರಲ್ಲಿ ಹೊರತಂದ ಕಾಂಟ್ರಾಸ್ಟ್ ಬಣ್ಣಗಳು ಒಂದೇ ಲೇಪನದಲ್ಲಿ ಮೂಲಬಣ್ಣವನ್ನೂ ನೆರಳನ್ನೂ ಕೊಡುತ್ತವೆ. ಇವುಗಳಿಂದ ಕೌಶಲ ಕುಂದುತ್ತದೆ ಎಂಬ ಆಕ್ಷೇಪವಿದ್ದರೂ, ಬಣ್ಣ ಕಾಣದೆ ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದ ಬೂದು ಗೊಂಬೆಗಳ ರಾಶಿಯನ್ನು ಇವು ಕರಗಿಸಿವೆ ಎಂಬುದು ನಿರ್ವಿವಾದ. 2020ರ ‘ವಾರ್‌ಹ್ಯಾಮರ್ 40,000’ ಆವೃತ್ತಿಯಲ್ಲಿ ಪೂರ್ಣವಾಗಿ ಬಣ್ಣ ಹಚ್ಚಿ ಪೀಠ ಸಜ್ಜುಗೊಳಿಸಿದ ಸೈನ್ಯಕ್ಕೆ 100ರಲ್ಲಿ 10 ಅಂಕಗಳನ್ನು ಮೀಸಲಿಟ್ಟ ಮೇಲೆ, ಬಣ್ಣವಿಲ್ಲದ ಸೈನ್ಯವು ಆಟ ಆರಂಭಿಸುವ ಮೊದಲೇ ಹಿಂದೆ ಬೀಳುವಂತಾಯಿತು.

ಕುಂಚಗಳಲ್ಲಿ ಸೈಬೀರಿಯಾದ ಕೊಲಿನ್‌ಸ್ಕಿ ಎಂಬ ಪ್ರಾಣಿಯ ಬಾಲದ ಕೂದಲಿನದ್ದು ಶ್ರೇಷ್ಠವೆಂದು ಎಣಿಸಲಾಗಿದೆ. ಕುಂಚದ ಗಾತ್ರಕ್ಕಿಂತ ಅದರ ತುದಿಯ ಮೊನೆ ಮುಖ್ಯ. ತೀರಾ ಚಿಕ್ಕ ಕುಂಚದಲ್ಲಿ ಬಣ್ಣ ಗೊಂಬೆಯನ್ನು ಮುಟ್ಟುವ ಮೊದಲೇ ಒಣಗುತ್ತದೆ. ಭಾರತದಲ್ಲಿ ಒಂದು ಕಾಲಕ್ಕೆ ಹೆಸರಾಗಿದ್ದ ಮುಂಗುಸಿ ಕೂದಲಿನ ಕುಂಚಗಳ ತಯಾರಿಕೆ ಮತ್ತು ಮಾರಾಟವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷೇಧಿಸಲಾಗಿದೆ.

ಪೀಠಸಜ್ಜೆ

ಬೇಸ್ ಎಂದು ಕರೆಯುವ ಪೀಠವು ಗೊಂಬೆಯನ್ನು ಬೀಳದಂತೆ ನಿಲ್ಲಿಸುವುದರ ಜೊತೆಗೆ, ಬಣ್ಣ ಹಚ್ಚಿದ ಮೈಯನ್ನು ಬೆರಳು ಮುಟ್ಟದಂತೆ ಹಿಡಿಯಲು ಆಸರೆಯಾಗುತ್ತದೆ. ಆದರೆ ಅದರ ನಿಜವಾದ ಮಹತ್ವ ನಿಯಮಗಳಲ್ಲಿದೆ. ದಳವೊಂದು ಎಷ್ಟು ಅಗಲಕ್ಕೆ ಹರಡಿ ನಿಲ್ಲುತ್ತದೆ, ಎಷ್ಟು ಶತ್ರುಗಳು ಅದನ್ನು ಏಕಕಾಲಕ್ಕೆ ಮುಟ್ಟಬಲ್ಲರು ಎಂಬುದನ್ನು ನಿರ್ಧರಿಸುವುದು ಪೀಠದ ಅಳತೆ. ಫಿಲ್ ಬಾರ್ಕರ್ ಮತ್ತು ರಿಚರ್ಡ್ ಬಾಡ್ಲಿ ಸ್ಕಾಟ್ ರಚಿಸಿದ, 1990ರಲ್ಲಿ ಪ್ರಕಟವಾದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ನಿಯಮಗಳಲ್ಲಿ ಸೈನ್ಯವೆಂದರೆ ಕೇವಲ 12 ಪೀಠಗಳು. 15 ಮಿ.ಮೀ. ಗೊಂಬೆಗಳಿಗೆ ಪ್ರತಿ ಪೀಠದ ಮುಂಭಾಗದ ಅಗಲ 40 ಮಿ.ಮೀ. ಅದರ ಮೇಲೆ ಭುಜಕ್ಕೆ ಭುಜ ತಾಗಿಸಿ ನಾಲ್ವರು ನಿಂತಿದ್ದರೆ ಒತ್ತೊತ್ತಾಗಿ ಹೋರಾಡುವ ಈಟಿಯವರು, ಇಬ್ಬರೇ ಇದ್ದರೆ ಚದುರಿ ಕಾದಾಡುವ ಲಘುದಳ, ಒಂದು ಆನೆಯಿದ್ದರೆ ಗಜದಳ. ಎದುರಾಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನಿಯಮ ಬದಲಾದಾಗ ಸಂಕಟವೂ ಇಲ್ಲಿಂದಲೇ ಆರಂಭವಾಗುತ್ತದೆ. ‘ವಾರ್‌ಹ್ಯಾಮರ್’ನ ಸಾಲುಗಟ್ಟಿ ನಿಲ್ಲುವ ಸೈನ್ಯಗಳು ದಶಕಗಳ ಕಾಲ ಚೌಕ ಪೀಠಗಳ ಮೇಲಿದ್ದವು, 2015ರಲ್ಲಿ ಅದರ ಸ್ಥಾನಕ್ಕೆ ಬಂದ ‘ಏಜ್ ಆಫ್ ಸಿಗ್ಮಾರ್’ ದುಂಡು ಪೀಠಗಳನ್ನು ತಂದಿತು. 2024ರ ‘ದಿ ಓಲ್ಡ್ ವರ್ಲ್ಡ್’ ಮತ್ತೆ ಚೌಕಕ್ಕೆ ಮರಳಿತು, ಅದೂ ಹಲವು ದಳಗಳಿಗೆ ಹಿಂದಿಗಿಂತ ದೊಡ್ಡ ಚೌಕಕ್ಕೆ. ಅಂಟಿಸಿ, ಮರಳು ಹಾಕಿ, ಹುಲ್ಲು ನೆಟ್ಟ ನೂರಾರು ಗೊಂಬೆಗಳನ್ನು ಕಣಕಾಲು ಮುರಿಯದಂತೆ ಕಿತ್ತು ಮರುಜೋಡಿಸುವುದು ಬಣ್ಣ ಹಚ್ಚುವುದಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ. ಬುದ್ಧಿವಂತರು ಪೀಠವನ್ನು ಹಾಗೆಯೇ ಬಿಟ್ಟು, ಬೇಕಾದ ಅಳತೆಯ ಕುಳಿಗಳುಳ್ಳ ತಟ್ಟೆಯಲ್ಲಿ ಗೊಂಬೆಗಳನ್ನು ನಿಲ್ಲಿಸಿ ಪಾರಾಗುತ್ತಾರೆ.

ಸಜ್ಜೆಯ ಸಾಮಗ್ರಿ ಸರಳ. ಪಿವಿಎ ಅಂಟು ಬಳಿದು ಮರಳಿನಲ್ಲಿ ಅದ್ದಿ, ಒಣಗಿದ ಮೇಲೆ ಗಾಢ ಕಂದು ಬಳಿದು, ತಿಳಿಬಣ್ಣದಿಂದ ಡ್ರೈಬ್ರಶ್ ಮಾಡಿದರೆ ನೆಲ ಸಿದ್ಧ. ಅಳತೆಯ ಪ್ರಜ್ಞೆ ಇಲ್ಲಿಯೂ ಬೇಕು: 28 ಮಿ.ಮೀ. ಸೈನಿಕನ ಕಾಲಬುಡದಲ್ಲಿ 1 ಮಿ.ಮೀ. ಮರಳಿನ ಕಣವು ಸುಮಾರು 6 ಸೆಂಟಿಮೀಟರ್ ಕಲ್ಲಾಗುತ್ತದೆ, 4 ಮಿ.ಮೀ. ಹರಳು ಗೇಣುದ್ದದ ಬಂಡೆಯಾಗುತ್ತದೆ. ಹುಲ್ಲಿಗಾಗಿ ಬಳಸುವ ಸ್ಟ್ಯಾಟಿಕ್ ಗ್ರಾಸ್ ನೈಲಾನಿನ ಎಳೆಗಳಾಗಿದ್ದು, ಸ್ಥಾಯಿ ವಿದ್ಯುತ್ತಿನಿಂದ ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಬರ್ಚ್ ಮರದ ಬೀಜದ ಸಿಪ್ಪೆಗಳು ಉದುರಿದ ಎಲೆಗಳಂತೆಯೇ ಕಾಣುತ್ತವೆ. ಹಿಮಕ್ಕೆ ಅಡುಗೆ ಸೋಡಾ ಬಳಸುವ ಹಳೆಯ ರೂಢಿಯನ್ನು ಅನುಭವಿಗಳು ಈಗ ಬಿಟ್ಟಿದ್ದಾರೆ, ಏಕೆಂದರೆ ಅದು ಕೆಲವು ವರ್ಷಗಳಲ್ಲಿ ಹಳದಿಯಾಗುತ್ತದೆ.

ಪೀಠವು ಸೈನ್ಯವನ್ನು ಒಂದು ಭೂಭಾಗಕ್ಕೆ ಕಟ್ಟಿಹಾಕುತ್ತದೆ. ಹಿಮದ ಪೀಠದ ಮೇಲಿನ ನೆಪೋಲಿಯನ್ನನ ಪದಾತಿಯನ್ನು ಸ್ಪೇನಿನ ಒಣನೆಲದ ಮೇಜಿಗೆ ಒಯ್ದರೆ ಪ್ರತಿ ಸೈನಿಕನೂ ತನ್ನದೇ ಬಿಳಿ ತುಣುಕಿನ ಮೇಲೆ ನಡೆಯುತ್ತಿರುವಂತೆ ತೋರುತ್ತದೆ. ಹಾಗಾಗಿ ಎಲ್ಲೆಡೆ ಸಲ್ಲುವ ಕಂದು ನೆಲ ಮತ್ತು ಸ್ವಲ್ಪ ಒಣಹುಲ್ಲು ಹೆಚ್ಚು ಜನಪ್ರಿಯ.

ಇತಿಹಾಸದ ನಿಖರತೆ ಮತ್ತು ಮೈಸೂರು ಸೈನ್ಯ

ಐತಿಹಾಸಿಕ ಸೈನ್ಯಗಳನ್ನು ಕಟ್ಟುವವರು ಸಮವಸ್ತ್ರಗಳ ಅಧ್ಯಯನಕ್ಕೆ ಬಣ್ಣ ಹಚ್ಚುವಷ್ಟೇ ಸಮಯ ಕೊಡುತ್ತಾರೆ. 1767ರಿಂದ 1799ರವರೆಗಿನ ಆಂಗ್ಲೋ-ಮೈಸೂರು ಯುದ್ಧಗಳಿಗೆ ಸಂಬಂಧಿಸಿದ ಗೊಂಬೆಗಳೂ ಮಾರುಕಟ್ಟೆಯಲ್ಲಿದ್ದು, ಟಿಪ್ಪು ಸುಲ್ತಾನನ ಪದಾತಿದಳ ವರ್ಣಲೇಪಕರಿಗೆ ಕಠಿಣ ಪರೀಕ್ಷೆಯೆಂದು ಹೇಳಬಹುದು. ಆ ಸೈನಿಕರ ಅಂಗಿಯ ಮೇಲೆ ಬಬ್ರಿ ಎಂಬ ಹುಲಿಪಟ್ಟೆಯ ವಿನ್ಯಾಸವಿತ್ತು. 28 ಮಿ.ಮೀ. ಗೊಂಬೆಯ ಎದೆಯ ಅಗಲ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಪಟ್ಟೆಗಳನ್ನು ನಿಜವಾದ ಪ್ರಮಾಣದಲ್ಲಿ ಬರೆದರೆ ದೂರದಿಂದ ಅವು ಬೆರೆತು ಅಂಗಿಯೇ ಮಾಸಿದಂತೆ ಕಾಣುತ್ತದೆ. ಸಂಖ್ಯೆ ಕಡಿಮೆ ಮಾಡಿ, ಒಂದೊಂದನ್ನೂ ದಪ್ಪವಾಗಿಸಿದಾಗ ಮಾತ್ರ ಹುಲಿ ಎದ್ದು ಬರುತ್ತದೆ. 15 ಮಿ.ಮೀ. ಗಾತ್ರದಲ್ಲಿ ಓರೆಯಾದ ಕೆಲವು ಚುಕ್ಕೆಗಳಿಗಿಂತ ಹೆಚ್ಚೇನೂ ಸಾಧ್ಯವಿಲ್ಲ. ಸಮಕಾಲೀನ ಆಧಾರವಾಗಿ ಯುದ್ಧಕಾಲದಲ್ಲಿ ಮೈಸೂರು ಸೀಮೆಯಲ್ಲಿದ್ದ ರಾಬರ್ಟ್ ಹೋಮ್, ಚಾರ್ಲ್ಸ್ ಗೋಲ್ಡ್ ಮೊದಲಾದವರ ಚಿತ್ರಗಳನ್ನು ಬಳಸಲಾಗುತ್ತದೆ. ಇವು ಎದುರು ಪಕ್ಷದವರ ಕಣ್ಣಿಗೆ ಕಂಡ ಮೈಸೂರು ಎಂಬುದನ್ನು ಮರೆಯುವಂತಿಲ್ಲ. ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆಡುವವರು ಇಂಗ್ಲೆಂಡಿನ ಹಸಿರು ಹುಲ್ಲನ್ನು ಬಿಟ್ಟು, ಮೇ ತಿಂಗಳ ಬಿಸಿಲಿಗೆ ಒಣಗಿದ ಕಂದುನೆಲವನ್ನು ಪೀಠಕ್ಕೆ ಹಾಕುವುದು ಸರಿಯಾದ ಕ್ರಮ.

ಸುರಕ್ಷತೆ ಮತ್ತು ಸಂರಕ್ಷಣೆ

ಹಳೆಯ ಸೀಸದ ಗೊಂಬೆಗಳನ್ನು ಉಜ್ಜುವಾಗ ಏಳುವ ಪುಡಿ ವಿಷಕಾರಿ. ಕೆಲಸದ ನಂತರ ಕೈ ತೊಳೆಯದೆ ಆಹಾರ ಮುಟ್ಟಬಾರದು. ರೆಸಿನ್ ಉಜ್ಜುವಾಗ ಮುಖಗವಸು, ಗಟ್ಟಿಯಾಗದ ಮುದ್ರಣ ರೆಸಿನ್ನನ್ನು ಮುಟ್ಟುವಾಗ ಕೈಗವಸು ಅಗತ್ಯ. ಕುಂಚದ ಮೊನೆಯನ್ನು ತುಟಿಯಿಂದ ಚೂಪಾಗಿಸುವ ಅಭ್ಯಾಸ ವ್ಯಾಪಕವಾಗಿದ್ದರೂ ಸಮರ್ಥನೀಯವಲ್ಲ.

ಆಟದಲ್ಲಿ ಬಳಸುವ ಗೊಂಬೆಗಳಿಗೆ ಕೊನೆಯಲ್ಲಿ ಹೊಳಪಿಲ್ಲದ ವಾರ್ನಿಶ್ ಬಳಿಯಲಾಗುತ್ತದೆ. ಸೀಸದ ಗೊಂಬೆಗಳನ್ನು ಓಕ್ ಮರದ ಕಪಾಟಿನಲ್ಲಿ ಮುಚ್ಚಿಟ್ಟರೆ ಮರದಿಂದ ಹೊರಸೂಸುವ ಅಸಿಟಿಕ್ ಆಮ್ಲವು ಲೋಹವನ್ನು ತಿಂದು ಬೂದುಬಿಳಿಯ ಪುಡಿಯಾಗಿಸುತ್ತದೆ. ಇದಕ್ಕೆ ಸೀಸದ ಕೊಳೆರೋಗವೆಂಬ ಹೆಸರಿದೆ. ಬಣ್ಣದ ಪದರದ ಅಡಿಯಲ್ಲೇ ಇದು ಆರಂಭವಾಗುವುದರಿಂದ, ಹೊರಗೆ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಲೋಹ ಬಹಳಷ್ಟು ಹಾಳಾಗಿರುತ್ತದೆ.