ಕಾದಂಬರಿಯ ಓದು ಮತ್ತು ಮರೆಯಾದ ಪದಗಳು: ತರಗುಪೇಟೆಯ ಅಳತೆಯ ಮಾತುಗಳನ್ನು ಮುಂದಿಟ್ಟುಕೊಂಡು

ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳಲ್ಲಿ ಬಹುಪಾಲು ತಮ್ಮ ಅರ್ಥವನ್ನು ತಾವೇ ಹೇಳಿಕೊಳ್ಳುತ್ತವೆ. ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂಬ ಹೆಸರುಗಳಿಗೆ ಟಿಪ್ಪಣಿ ಬೇಕಾಗುವುದಿಲ್ಲ. ತರಗುಪೇಟೆಯ ವಿಷಯ ಹಾಗಲ್ಲ. ಇಂದಿನ ಕನ್ನಡಿಗನಿಗೆ 'ತರಗು' ಎಂದೊಡನೆ ನೆನಪಾಗುವುದು ಒಣಗಿ ಉದುರಿದ ಎಲೆ. ಧಾನ್ಯದ ಸಗಟು ವ್ಯಾಪಾರ ತಲೆಮಾರುಗಳಿಂದ ನಡೆದುಬಂದ ಬೀದಿಗೆ ಒಣ ಎಲೆಯ ಹೆಸರೇಕೆ ಎಂದು ಕೇಳಿದವರಿಗೆ ಉತ್ತರ ಹಳೆಯ ಪದಸಂಪತ್ತಿನಲ್ಲಿದೆ. ತರಗು ಎಂಬುದಕ್ಕೆ ದಲ್ಲಾಳಿತನ, ದಲ್ಲಾಳಿಗೆ ಸಲ್ಲುವ ಪಾಲು ಎಂಬ ಅರ್ಥವೂ ಉಂಟು. ನೆರೆಯ ತಮಿಳಿನಲ್ಲಿ ದಲ್ಲಾಳಿಯನ್ನು ಇಂದಿಗೂ 'ತರಗರ್' ಎನ್ನುತ್ತಾರೆ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವರ ಪೇಟೆ ಎಂದು ಈ ಹೆಸರನ್ನು ಅರ್ಥೈಸುವುದು ಸಮಂಜಸವಾಗಿ ತೋರುತ್ತದೆ.

ದಿನವೂ ಆ ನಾಮಫಲಕದ ಕೆಳಗೆ ಓಡಾಡುವವನ ಸ್ಥಿತಿಯೂ ಹಳೆಯ ಬದುಕನ್ನು ಚಿತ್ರಿಸುವ ಕಾದಂಬರಿಯನ್ನು ಓದುವವನ ಸ್ಥಿತಿಯೂ ಒಂದೇ ಬಗೆಯವು. ಪದ ಕಣ್ಣಿಗೆ ಪರಿಚಿತ, ಅದರ ಹಿಂದಿನ ಬದುಕು ಅಪರಿಚಿತ. ಇಂತಹ ಪದಗಳನ್ನು ಕನ್ನಡದ ಓದುಗರು ಯಾವ ಯಾವ ದಾರಿಗಳಿಂದ ಕಲಿಯುತ್ತ ಬಂದರು, ಆ ದಾರಿಗಳಲ್ಲಿ ಇಂದು ಯಾವುದು ಮುಚ್ಚಿಹೋಗುತ್ತಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದಗಳನ್ನು ಕಲಿತ ದಾರಿಗಳು

ಕನ್ನಡದಲ್ಲಿ ಕಠಿಣ ಪದಗಳಿಗೆ ಅರ್ಥ ಹೇಳುವ ಪರಂಪರೆ ಸಾವಿರ ವರ್ಷಗಳಷ್ಟು ಹಳೆಯದು. ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲಿರುವ 'ರನ್ನಕಂದ', ನಾಗವರ್ಮನ 'ಅಭಿಧಾನವಸ್ತುಕೋಶ', ಮಂಗರಾಜನ ನಿಘಂಟು, ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ' ಈ ಪರಂಪರೆಯ ಮುಖ್ಯ ಕೃತಿಗಳು. ಇವೆಲ್ಲವೂ ಪದ್ಯರೂಪದಲ್ಲಿರುವುದು ಗಮನಾರ್ಹ. ವಿದ್ಯಾರ್ಥಿಯು ಇವನ್ನು ಬಾಯಿಪಾಠ ಮಾಡಿ, ಅನಂತರ ಕಾವ್ಯಕ್ಕೆ ಕೈಹಾಕುತ್ತಿದ್ದನು. ಮೊದಲು ಪದ, ಆಮೇಲೆ ಪಠ್ಯ ಎಂಬುದು ಆ ಕ್ರಮ.

ಅಕ್ಷರ ತಿಳಿಯದವರಿಗೆ ಇನ್ನೊಂದು ದಾರಿಯಿತ್ತು. ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ಗಮಕಿಯು ವಾಚಿಸುವಾಗ ಪಕ್ಕದಲ್ಲಿದ್ದ ವ್ಯಾಖ್ಯಾನಕಾರನು ಪದಗಳನ್ನು ಬಿಡಿಸಿ, ಊರಿನ ಬದುಕಿನ ದೃಷ್ಟಾಂತಗಳನ್ನು ಕೊಟ್ಟು ವಿವರಿಸುತ್ತಿದ್ದನು. ಅಲ್ಲಿ ಅರ್ಥವು ಪುಟದಿಂದ ಬರುತ್ತಿರಲಿಲ್ಲ, ಎದುರಿಗೆ ಕುಳಿತ ಮನುಷ್ಯನಿಂದ ಬರುತ್ತಿತ್ತು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನೊಡನೆ ಕ್ರಮ ತಿರುವು ಮುರುವಾಯಿತು. ಅಕಾರಾದಿಯಾಗಿ ಜೋಡಿಸಿದ ಕೋಶವನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ. ಓದುತ್ತ ತೊಡಕಾದಾಗ ತೆರೆದು ನೋಡುತ್ತಾರೆ. ಈ ಮಾರ್ಗದ ಮಹತ್ಸಾಧನೆಯೆಂದರೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು. 1970ರಲ್ಲಿ ಮೊದಲ ಸಂಪುಟ ಹೊರಬಂದು, 1995ರ ವೇಳೆಗೆ ಎಂಟು ಸಂಪುಟಗಳಲ್ಲಿ ಅದು ಪೂರ್ಣಗೊಂಡಿತು. ಆ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದ ಜಿ. ವೆಂಕಟಸುಬ್ಬಯ್ಯನವರು (1913-2021) 1991ರಲ್ಲಿ 'ಪ್ರಜಾವಾಣಿ'ಯಲ್ಲಿ ಆರಂಭಿಸಿದ 'ಇಗೋ ಕನ್ನಡ' ಅಂಕಣವು ಓದುಗರ ಪ್ರಶ್ನೆಗಳಿಗೆ ಉತ್ತರ ರೂಪದಲ್ಲಿತ್ತು. ಹಳೆಯ ವ್ಯಾಖ್ಯಾನಕಾರನ ಸ್ಥಾನವನ್ನು ಪತ್ರಿಕೆಯ ಪುಟದಲ್ಲಿ ಮತ್ತೆ ತುಂಬಿದ ಪ್ರಯತ್ನವೆಂದು ಅದನ್ನು ಪರಿಗಣಿಸಬಹುದು. ಚಾಮರಾಜಪೇಟೆಯ ಪರಿಷತ್ತಿನ ಕಟ್ಟಡದಿಂದ ತರಗುಪೇಟೆಗೆ ನಡೆದೇ ಹೋಗಬಹುದು. ನಿಘಂಟಿನ ಮನೆಯೂ ಪದಗಳ ಸಂತೆಯೂ ಇಷ್ಟು ಹತ್ತಿರದಲ್ಲಿದ್ದವು.

ಕಾದಂಬರಿ ತಂದ ತೊಡಕು

ಕಾದಂಬರಿಯ ಓದು ಒಂಟಿ ಓದು. ಅಲ್ಲಿ ಗಮಕಿಯಿಲ್ಲ, ವ್ಯಾಖ್ಯಾನಕಾರನಿಲ್ಲ. ಕೆಂಪುನಾರಾಯಣನ 'ಮುದ್ರಾಮಂಜೂಷ' (1823) ಎಂಬ ಗದ್ಯಕಥನದಿಂದ ಮೊದಲ್ಗೊಂಡು ಎಂ. ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' (1915), ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956), ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967), ತ. ರಾ. ಸು. ಅವರ 'ದುರ್ಗಾಸ್ತಮಾನ' (1982) ಇವುಗಳವರೆಗೆ ಹಿಂದಿನ ಕಾಲವನ್ನು ಕಟ್ಟಿಕೊಡುವ ಕೃತಿಗಳಲ್ಲಿ ಅಪರಿಚಿತ ಪದಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಅವುಗಳಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು, ಸಂಸ್ಥೆ ಅಳಿದುದರಿಂದ ಹಳತಾದ ಪದ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡವು. 'ಶಾನುಭೋಗ' ಎಂದರೆ ಊರಿನ ಲೆಕ್ಕ ಬರೆಯುವವನು ಎಂದು ಕೋಶ ಹೇಳುತ್ತದೆ. ಅವನ ಲೇಖನಿಯ ಒಂದು ಗೀಟಿಗೆ ಬಡ ರೈತ ಏಕೆ ನಡುಗುತ್ತಿದ್ದನೆಂಬುದನ್ನು ಕಾದಂಬರಿಯೇ ತೋರಿಸಬೇಕು.

ಎರಡನೆಯದು, ಸೀಮೆಯ ನುಡಿ. ಮಲೆನಾಡಿನ ಓದುಗನಿಗೆ ಕಂಬಳಿಕೊಪ್ಪೆ, ಬಗನಿ ಮೊದಲಾದವು ಮನೆಯ ಮಾತು. ಬಯಲುಸೀಮೆಯವನಿಗೆ ಅವು ಹಳಗನ್ನಡದಷ್ಟೇ ದೂರ. 'ಮಲೆಗಳಲ್ಲಿ ಮದುಮಗಳು' ಕೃತಿಯಲ್ಲಿ ಹಳ್ಳಿಗರ ಬಾಯಲ್ಲಿ ಬೈಸಿಕಲ್ಲು 'ಬೀಸೆಕಲ್ಲು' ಆಗುವುದು ಸ್ವಾರಸ್ಯಕರ. ಕಂಡರಿಯದ ವಾಹನವನ್ನು ಅವರು ತಮ್ಮ ಮನೆಯ ಬೀಸುವ ಕಲ್ಲಿನ ಹೆಸರಿಗೆ ತಂದುಕೊಂಡರು. ಇಂದಿನ ಎಳೆಯ ಓದುಗನಿಗೆ ಸೈಕಲ್ಲು ಗೊತ್ತು, ಬೀಸುವ ಕಲ್ಲು ಗೊತ್ತಿಲ್ಲ. ಹೀಗೆ ಅರವತ್ತು ವರ್ಷಗಳೊಳಗೆ ಪರಿಚಿತ, ಅಪರಿಚಿತಗಳು ಸ್ಥಾನ ಬದಲಿಸಿವೆ.

ಮೂರನೆಯದು ಹೆಚ್ಚು ಮೋಸಗೊಳಿಸುವಂಥದು. ಪದ ಬಳಕೆಯಲ್ಲಿದೆ, ಆದರೆ ಅದರ ಹಳೆಯ ಅರ್ಥ ಬಳಕೆಯಲ್ಲಿಲ್ಲ. ತರಗುಪೇಟೆಯ ಅಳತೆಯ ಮಾತುಗಳು ಈ ಬಗೆಗೆ ಸೇರುತ್ತವೆ.

ಕೊಳಗದ ಕಥೆ

ಗ್ರಂಥಾಲಯವೊಂದರಲ್ಲಿ, ಹಳೆಯ ಮೈಸೂರು ಸೀಮೆಯ ಬದುಕನ್ನು ಚಿತ್ರಿಸುವ ಕಾದಂಬರಿಯೊಂದರ ಪ್ರತಿ ನನ್ನ ಕೈಗೆ ಬಂದಿತು. ಅಂಚಿನಲ್ಲಿ ಓದುಗರು ಪೆನ್ಸಿಲಿನಿಂದ ಅರ್ಥಗಳನ್ನು ಬರೆದಿದ್ದರು. 'ಕೊಳಗ' ಎಂಬಲ್ಲಿ ಒಬ್ಬರು 'ಪಾತ್ರೆ' ಎಂದು ಗುರುತಿಸಿದ್ದರು. ಇನ್ನೊಬ್ಬರು ಅದನ್ನು ಹೊಡೆದುಹಾಕಿ 'ಅಳತೆ' ಎಂದು ತಿದ್ದಿದ್ದರು. ಇಬ್ಬರೂ ತಪ್ಪಲ್ಲ. ಕೊಳಗವು ಪಾತ್ರೆಯೂ ಹೌದು, ಧಾನ್ಯದ ಅಳತೆಯೂ ಹೌದು. ಶಿವಲಿಂಗಕ್ಕೆ ತೊಡಿಸುವ ಮುಖವಾಡಕ್ಕೂ ಅದೇ ಹೆಸರು. ಶಿವರಾತ್ರಿಯಂದು ಮೈಸೂರು ಅರಮನೆಯ ಆವರಣದ ತ್ರಿನೇಶ್ವರನಿಗೆ ತೊಡಿಸುವ ಚಿನ್ನದ ಕೊಳಗದ ಸುದ್ದಿಯಿಂದಲೇ ಈ ಪದವನ್ನು ಅರಿತ ವಿದ್ಯಾರ್ಥಿಗಳನ್ನೂ ನಾನು ಕಂಡಿದ್ದೇನೆ.

ನಾಲ್ಕು ಪಾವಿಗೆ ಒಂದು ಸೇರು, ಹಲವು ಸೇರಿಗೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದು ಸ್ಥೂಲವಾದ ಲೆಕ್ಕ. ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಖಂಡುಗ ಧಾನ್ಯದ ಅಳತೆ ಮಾತ್ರವಲ್ಲ, ಅಷ್ಟು ಬೀಜ ಹಿಡಿಯುವ ನೆಲದ ಅಳತೆಯೂ ಹೌದು. 1956ರ ಕಾಯ್ದೆಯಂತೆ 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂದಾಗ ಈ ಅಳತೆಗಳು ಅಂಗಡಿಯಿಂದ ನಿರ್ಗಮಿಸಿದವು. 'ಸೇರಿಗೆ ಸವ್ವಾಸೇರು' ಎಂಬ ಗಾದೆಯಲ್ಲಿಯೂ ಅಡುಗೆಮನೆಯ ಪಾವಿನಲ್ಲಿಯೂ ಅವುಗಳ ಗುರುತು ಉಳಿದಿದೆ.

ತರಗುಪೇಟೆಯಲ್ಲಿ ಬಹುಕಾಲ ಹಮಾಲಿ ಕೆಲಸ ಮಾಡಿದ, ಎಂಬತ್ತು ದಾಟಿದ ಹಿರಿಯರೊಬ್ಬರ ಮುಂದೆ ಈ ಪದವನ್ನಿಟ್ಟಾಗ ಅವರು ಲೆಕ್ಕ ಹೇಳಲಿಲ್ಲ. ಎರಡು ಕೈಗಳನ್ನೂ ಮುಂದೆ ಚಾಚಿ ಅಳೆದು ತೋರಿಸಿದರು. ಬಾಯಿಮಟ್ಟಕ್ಕೆ ಒರೆದು ಅಳೆಯುವುದು ಒಂದು ಕ್ರಮ, ಮೇಲೆ ಗೋಪುರದಂತೆ ರಾಶಿ ನಿಲ್ಲಿಸಿ ಅಳೆಯುವುದು ಇನ್ನೊಂದು. ತಮ್ಮ ಬಾಲ್ಯದ ಹಳ್ಳಿಯಲ್ಲಿ ಧಣಿಯ ಮನೆಗೆ ಸಲ್ಲುವ ಧಾನ್ಯವನ್ನು ರಾಶಿಯಾಗಿ ಅಳೆಯುತ್ತಿದ್ದರೆಂದೂ, ಆಳಿಗೆ ಕೂಲಿ ಕೊಡುವಾಗ ಒರೆದು ಅಳೆಯುತ್ತಿದ್ದರೆಂದೂ ಅವರು ತಿಳಿಸಿದರು. ಕೊಳಗ ಒಂದೇ ಆದರೂ ಅಳತೆ ಎರಡು. ತಮ್ಮ ತಂದೆ ಕೂಲಿ ತರುವ ದಿನ ತಾಯಿ ಮೊದಲು ನೋಡುತ್ತಿದ್ದುದು ಧಾನ್ಯವನ್ನಲ್ಲ, ತಂದೆಯ ಮುಖವನ್ನು ಎಂದು ಹೇಳಿ ಅವರು ಸುಮ್ಮನಾದರು.

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎನ್ನುವ ರೂಢಿ ನಾಡಿನ ಹಲವೆಡೆ ಇದೆ. 'ಲಾಭ, ಎರಡು, ಮೂರು' ಎಂದು ಎಣಿಕೆ ಸಾಗುತ್ತದೆ. ಕಥೆಯೊಳಗೆ ಅಳೆಯುವವನು 'ಲಾಭ' ಎಂದರೆ ಇಂದಿನ ಓದುಗನು ವ್ಯಾಪಾರದ ಗಳಿಕೆ ಎಂದೇ ತಿಳಿದಾನು. ಆ ಪದ ಅಲ್ಲಿ ಸಂಖ್ಯೆಯೂ ಹೌದು, ಹಾರೈಕೆಯೂ ಹೌದು.

ಈ ವಿವರಗಳು ಅಲಂಕಾರದ ಸಂಗತಿಗಳಲ್ಲ. ಆಳೊಬ್ಬನಿಗೆ ಒಂದು ಕೊಳಗ ರಾಗಿ ಅಳೆದು ಕೊಟ್ಟರೆಂಬ ವಾಕ್ಯ ಕಾದಂಬರಿಯಲ್ಲಿ ಬಂದರೆ, ಕೋಶ ನೋಡಿದವನಿಗೆ ಪ್ರಮಾಣ ತಿಳಿಯುತ್ತದೆ. ಒರೆದ ಅಳತೆ, ರಾಶಿಯ ಅಳತೆಗಳನ್ನು ಬಲ್ಲವನಿಗೆ ಅಲ್ಲಿ ನಡೆದ ನ್ಯಾಯವೋ ಅನ್ಯಾಯವೋ ತಿಳಿಯುತ್ತದೆ. ಲೇಖಕನು ಇದನ್ನು ಬಿಡಿಸಿ ಹೇಳಿರುವುದಿಲ್ಲ, ಏಕೆಂದರೆ ಅವನ ಕಾಲದ ಓದುಗರಿಗೆ ಅದನ್ನು ಹೇಳಬೇಕಾಗಿರಲಿಲ್ಲ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಸ್ಪಷ್ಟವಾಗುವುದಿಷ್ಟು. ಹಳೆಯ ಪದವೊಂದರ ಅರಿವು ಮೂರು ಕಡೆ ಹಂಚಿಹೋಗಿದೆ. ಅದು ಬದುಕಿದ ಸಂದರ್ಭ ಕಾದಂಬರಿಯಲ್ಲಿದೆ, ಅರ್ಥ ನಿಘಂಟಿನಲ್ಲಿದೆ, ಅದನ್ನು ಕೈಯಲ್ಲಿ ಹಿಡಿದ ಅನುಭವ ಜನರಲ್ಲಿದೆ. ಮೊದಲ ಎರಡನ್ನೂ ಗ್ರಂಥಾಲಯಗಳು ಕಾಪಾಡಿಕೊಂಡು ಬಂದಿವೆ. ಮೂರನೆಯದು ಕಪಾಟಿನಲ್ಲಿ ಉಳಿಯುವಂಥದಲ್ಲ. ಮೆಟ್ರಿಕ್ ಪೂರ್ವದ ಅಳತೆಗಳನ್ನು ಕಣ್ಣಾರೆ ಕಂಡು ಬಳಸಿದವರಲ್ಲಿ ಇಂದು ಉಳಿದಿರುವವರು ಕೆಲವರು ಮಾತ್ರ.

ಆದುದರಿಂದ ನಮ್ಮ ಪ್ರಮುಖ ಕಾದಂಬರಿಗಳ ಹೊಸ ಆವೃತ್ತಿಗಳಿಗೆ ಪದಕೋಶ ಸೇರಿಸುವಾಗ ಸಂಪಾದಕರು ನಿಘಂಟುಗಳ ಜೊತೆಗೆ ಕ್ಷೇತ್ರಕಾರ್ಯವನ್ನೂ ಆಧಾರವಾಗಿಟ್ಟುಕೊಳ್ಳುವುದು ಅಗತ್ಯ. ಜಾನಪದ ವಿಭಾಗಗಳ ವಿದ್ಯಾರ್ಥಿಗಳಿಗೆ ಒಂದೊಂದು ಕಾದಂಬರಿಯನ್ನು ಕೊಟ್ಟು, ಅದರ ಪದಗಳನ್ನು ಆಯಾ ಸೀಮೆಯ, ಆಯಾ ಕಸುಬಿನ ಹಿರಿಯರ ಬಳಿ ಕೇಳಿ ಬರಲು ಕಳುಹಿಸಬಹುದು. ದೊಡ್ಡ ವೆಚ್ಚವೇನೂ ಬೇಕಿಲ್ಲದ ಈ ಕೆಲಸಕ್ಕೆ ಕಾಲಾವಕಾಶವೊಂದೇ ಕಡಿಮೆ.

ಆ ಗ್ರಂಥಾಲಯದ ಪ್ರತಿಯ ಅಂಚಿನಲ್ಲಿ 'ಪಾತ್ರೆ', 'ಅಳತೆ' ಎಂಬ ಎರಡು ಬರಹಗಳ ಕೆಳಗೆ ಇನ್ನೂ ಸ್ವಲ್ಪ ಜಾಗವಿದೆ. ತರಗುಪೇಟೆಯ ಆ ಹಿರಿಯರು ಹೇಳಿದ ಮಾತು ಅಲ್ಲಿಗೆ ಸೇರಬೇಕಾದದ್ದು.